ಹಾಸನದಲ್ಲೇ ಇದ್ದು ಕೆಲಸ ಹುಡುಕೋದು ಹೇಗೆ: ಪಿಜಿಗೆ ಅಡ್ವಾನ್ಸ್ ಕಟ್ಟುವ ಮೊದಲು ಓದಿ

ಡಿಗ್ರಿ ಮುಗಿಯಲಿ, ಇದ್ದ ಕೆಲಸ ಹೋಗಲಿ, ನಮ್ಮ ಕಡೆ ಸಿಗುವ ಸಲಹೆ ಒಂದೇ. "ಬೆಂಗಳೂರಿಗೆ ಹೋಗಪ್ಪ, ಅಲ್ಲಿದ್ರೆ ಏನಾದ್ರೂ ಆಗುತ್ತೆ." ಸರಿ ಅಂತ ಬ್ಯಾಗ್ ಎತ್ತಿಕೊಂಡು ಹೋಗುತ್ತೇವೆ. ಪಿಜಿಗೆ ಅಡ್ವಾನ್ಸ್ ಕೊಡುತ್ತೇವೆ, ಒಂದು ರೂಮಿನಲ್ಲಿ ಮೂರು ಜನ ಇರುತ್ತೇವೆ. ಆಮೇಲೆ ಅಲ್ಲಿ ಕೂತು ಮಾಡುವುದೇನು? ಅದೇ ಮೊಬೈಲು, ಕೆಲಸ ಹುಡುಕುವ ಅದೇ ನೌಕ್ರಿ ವೆಬ್‌ಸೈಟು, ಅದೇ ಲಿಂಕ್ಡ್‌ಇನ್. ಅದನ್ನು ಹಾಸನದ ಮನೆಯಲ್ಲೇ ಕೂತು, ಅಮ್ಮ ಮಾಡಿದ ಮುದ್ದೆ ಸಾರು ಉಂಡುಕೊಂಡು ಮಾಡಬಹುದು. ನನ್ನನ್ನು ಕೇಳಿದರೆ ಇಂಟರ್‌ವ್ಯೂ ಕರೆ ಬಂದ ಮೇಲೆ ಬೆಂಗಳೂರಿಗೆ ಹೋಗಬೇಕು, ಕರೆ ಬರಲಿ ಅಂತ ಹೋಗಬಾರದು.

ಆದರೆ ಮನೆಯಲ್ಲಿದ್ದು ಹುಡುಕುವುದು ಸಲೀಸಲ್ಲ. ದಿನ ಹೇಗೆ ಜಾರಿತು ಅಂತಲೇ ಗೊತ್ತಾಗುವುದಿಲ್ಲ. ಅದಕ್ಕೆ ಒಂದೊಂದಾಗಿ ಏನು ಮಾಡಬೇಕು ಅಂತ ಬರೆದಿದ್ದೇನೆ. ಬಿ.ಎ., ಬಿ.ಕಾಂ., ಬಿ.ಎಸ್ಸಿ., ಡಿಪ್ಲೊಮಾ, ಇಂಜಿನಿಯರಿಂಗ್ ಯಾವುದಾದರೂ ಸರಿ, ಖಾಸಗಿ ಕೆಲಸ ಹುಡುಕುವವರಿಗೆ ಇದು. ಸರ್ಕಾರಿ ಪರೀಕ್ಷೆಗೆ ಓದುವವರ ದಾರಿಯೇ ಬೇರೆ.

ಮೊದಲು ಮನೆಯಲ್ಲಿ ಮಾತಾಡಿ

"ಮನೇಲೇ ತಾನೆ ಇದ್ದೀಯ" ಅನ್ನುವ ಮಾತು ಅರ್ಧ ದಿನ ತಿಂದುಬಿಡುತ್ತದೆ. ಗ್ಯಾಸ್ ಬುಕ್ ಮಾಡಬೇಕು, ಅಜ್ಜಿಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು, ಸಂತೇಪೇಟೆಯಿಂದ ಸಾಮಾನು ತರಬೇಕು, ತೋಟ ಇದ್ದರೆ ಆಳುಗಳ ಜೊತೆ ನಿಲ್ಲಬೇಕು. ಇವನ್ನೆಲ್ಲ ಮಾಡುವುದಿಲ್ಲ ಅಂದರೆ ಜಗಳ, ಮಾಡುತ್ತಾ ಕೂತರೆ ಕೆಲಸ ಸಿಗುವುದಿಲ್ಲ. ಅಪ್ಪ ಅಮ್ಮನ ಹತ್ತಿರ ಕೂತು ಬಿಡಿಸಿ ಹೇಳಿ: ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಒಂದರವರೆಗೆ ನಾನು ಆಫೀಸಿನಲ್ಲಿ ಇದ್ದ ಹಾಗೆ, ಆಮೇಲೆ ಯಾವ ಕೆಲಸ ಹೇಳಿದರೂ ಮಾಡುತ್ತೇನೆ. ಕಂಪನಿಯಲ್ಲಿ ನೇಮಕಾತಿ ನೋಡಿಕೊಳ್ಳುವ ಎಚ್‌ಆರ್‌ಗಳು ಫೋನ್ ಮಾಡುವುದೂ ಹೆಚ್ಚಾಗಿ ಆಫೀಸ್ ಹೊತ್ತಿನಲ್ಲೇ. ಅಷ್ಟು ಹೊತ್ತು ಗೊತ್ತಿಲ್ಲದ ನಂಬರ್ ಬಂದರೂ ಎತ್ತಲೇಬೇಕು ಅಂತ ಮನೆಯವರಿಗೂ ತಿಳಿದಿರಲಿ. ಇಲ್ಲದಿದ್ದರೆ ಎಚ್‌ಆರ್ ಲೈನಿನಲ್ಲಿ ಇರುವಾಗಲೇ ಹಿಂದಿನಿಂದ ಮಿಕ್ಸಿ ಶುರುವಾಗುತ್ತದೆ.

ದುಡ್ಡಿನ ಮಾತನ್ನೂ ಆಗಲೇ ಮುಗಿಸಿಬಿಡಿ. ರೀಚಾರ್ಜ್, ಓಡಾಟ, ಪರೀಕ್ಷೆ ಶುಲ್ಕ ಅಂತ ತಿಂಗಳಿಗೆ ಎಷ್ಟು ಬೇಕು ಅಂತ ಒಂದು ಅಂದಾಜು ಹೇಳಿದರೆ ಪ್ರತಿ ಸಲ ಕೈ ಚಾಚುವುದು ತಪ್ಪುತ್ತದೆ. 2022-23ರಲ್ಲಿ ಪಾಸಾದವರಿಂದ ಶುರುವಾದ ಯುವನಿಧಿ ಯೋಜನೆಯಲ್ಲಿ ಡಿಗ್ರಿ ಆದವರಿಗೆ ತಿಂಗಳಿಗೆ 3000 ರೂಪಾಯಿ, ಡಿಪ್ಲೊಮಾ ಆದವರಿಗೆ 1500 ರೂಪಾಯಿ ಸಿಗುತ್ತದೆ, ಎರಡು ವರ್ಷ ಮೀರದ ಹಾಗೆ. ಪಾಸಾಗಿ 180 ದಿನ ಆದರೂ ಕೆಲಸ ಸಿಕ್ಕಿರಬಾರದು, ಮುಂದೆ ಓದುತ್ತಲೂ ಇರಬಾರದು. ಅರ್ಜಿ ಹಾಕುವುದು ಸೇವಾ ಸಿಂಧುವಿನಲ್ಲಿ. ಇನ್ನೂ ಕೆಲಸ ಸಿಕ್ಕಿಲ್ಲ ಅಂತ ಆಗಾಗ ಸ್ವಯಂ ಘೋಷಣೆ ಕೊಡಬೇಕು, ಅದು ಮರೆತರೆ ದುಡ್ಡು ನಿಲ್ಲುತ್ತದೆ.

ಮದುವೆ, ಗೃಹಪ್ರವೇಶದಲ್ಲಿ ಸಿಗುವ ನೆಂಟರ ವಿಷಯ. "ಏನಪ್ಪ, ಎಲ್ಲಾದ್ರೂ ಆಯ್ತಾ?" ಅಂದರೆ ಮುಖ ಸಣ್ಣ ಮಾಡಿಕೊಳ್ಳಬೇಡಿ. "ಇನ್ನೂ ಇಲ್ಲ ಮಾವ, ಅಕೌಂಟ್ಸ್ ಕೆಲಸ ನೋಡ್ತಾ ಇದ್ದೀನಿ, ಯಾರಾದ್ರೂ ಗೊತ್ತಿದ್ರೆ ಹೇಳಿ" ಅಂತ ಕೆಲಸದ ಹೆಸರು ಹಿಡಿದು ಹೇಳಿ. ಸುಮ್ನೆ "ಏನಾದ್ರೂ ಸರಿ" ಅಂದರೆ ಯಾರಿಗೂ ನೆನಪಿರುವುದಿಲ್ಲ.

ಅರ್ಜಿ ಹಾಕುವ ಮೊದಲು ಜಾಹೀರಾತು ಓದಿ

ಮೊದಲ ವಾರ ಒಂದೂ ಅರ್ಜಿ ಹಾಕಬೇಡಿ. ನಿಮಗೆ ಬೇಕಾದ ಒಂದೇ ಬಗೆಯ ಕೆಲಸದ ಹತ್ತಿಪ್ಪತ್ತು ಜಾಹೀರಾತು ತೆಗೆದು ನಿಧಾನವಾಗಿ ಓದಿ. ನೋಟ್ ಪುಸ್ತಕದಲ್ಲಿ ಅವರು ಕೇಳುವ ವಿದ್ಯೆಗಳನ್ನು ಬರೆಯುತ್ತಾ ಹೋಗಿ, ಮತ್ತೆ ಬಂದರೆ ಪಕ್ಕದಲ್ಲಿ ಒಂದು ಗೀಟು. ಅಕೌಂಟ್ಸ್ ಕೆಲಸ ಆದರೆ ಟ್ಯಾಲಿ ಪ್ರೈಮ್, ಜಿಎಸ್‌ಟಿ ರಿಟರ್ನ್, ಎಕ್ಸೆಲ್ ಮುಂದೆ ಗೀಟು ತುಂಬುತ್ತವೆ. ಡೇಟಾ ಅನಲಿಸ್ಟ್ ಆದರೆ ಎಕ್ಸೆಲ್, ಎಸ್‌ಕ್ಯುಎಲ್, ಪವರ್ ಬಿಐ. ಯಾವುದಕ್ಕೆ ಗೀಟು ಜಾಸ್ತಿಯೋ, ನಿಮಗೆ ಯಾವುದು ಬರುವುದಿಲ್ಲವೋ, ಅದನ್ನೇ ಕಲಿಯಬೇಕು. ಅದೊಂದನ್ನೇ.

ಇಲ್ಲಿ ನಮ್ಮವರು ಎಡವುತ್ತಾರೆ. ಪೈಥಾನ್ ಅರ್ಧ, ಡಿಜಿಟಲ್ ಮಾರ್ಕೆಟಿಂಗ್ ಅರ್ಧ, ಜೊತೆಗೆ ಸ್ನೇಹಿತ ಹೇಳಿದ ಎಐ ಕೋರ್ಸ್. ಸರ್ಟಿಫಿಕೇಟ್ ಆರು, ಕೈಯಲ್ಲಿ ಬರುವ ಕೆಲಸ ಸೊನ್ನೆ. ಹತ್ತಾರು ಸಾವಿರ ಕಟ್ಟಿಸಿಕೊಂಡು ನೂರಕ್ಕೆ ನೂರು ಪ್ಲೇಸ್‌ಮೆಂಟ್ ಅನ್ನುವ ಇನ್‌ಸ್ಟಿಟ್ಯೂಟುಗಳಿಗಂತೂ ಈ ಹಂತದಲ್ಲಿ ಹೋಗಲೇಬೇಡಿ.

ದುಡ್ಡಿಲ್ಲದೆ ಕಲಿಯುವ ಜಾಗಗಳು

ಎನ್‌ಪಿಟಿಇಎಲ್‌ನಲ್ಲಿ ಐಐಟಿ, ಐಐಎಸ್ಸಿ ಮೇಷ್ಟ್ರುಗಳ ಪಾಠ ಉಚಿತ. ಕೋರ್ಸ್ 4, 8 ಅಥವಾ 12 ವಾರದ್ದು, ಜನವರಿ ಮತ್ತು ಜುಲೈ ಸೆಮಿಸ್ಟರಿನಲ್ಲಿ ನಡೆಯುತ್ತದೆ. ಸರ್ಟಿಫಿಕೇಟ್ ಬೇಕಾದರೆ ಮಾತ್ರ 1000 ರೂಪಾಯಿ ಕಟ್ಟಿ ಕೇಂದ್ರಕ್ಕೆ ಹೋಗಿ ಪರೀಕ್ಷೆ ಬರೆಯಬೇಕು. ವಾರವಾರದ ಅಸೈನ್‌ಮೆಂಟಿಗೆ 25, ಪರೀಕ್ಷೆಗೆ 75 ಅಂಕ. ಕೂತು ಬರೆಯುವ ಪರೀಕ್ಷೆ ಆದ್ದರಿಂದ ಅದಕ್ಕೊಂದು ಬೆಲೆ ಇದೆ.

ಇಂಗ್ಲಿಷ್ ಪಾಠ ತಲೆಗೆ ಹತ್ತುತ್ತಿಲ್ಲ ಅನ್ನುವವರು ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ನೋಡಿ. ಲಿಬ್ರೆ ಆಫೀಸ್, ಸಿ, ಪೈಥಾನ್ ಥರದ ಪಾಠಗಳು ಅಲ್ಲಿ ಕನ್ನಡ ಧ್ವನಿಯಲ್ಲೂ ಸಿಗುತ್ತವೆ. ಇನ್ಫೋಸಿಸ್ ಸ್ಪ್ರಿಂಗ್‌ಬೋರ್ಡ್ ಕೂಡ ಉಚಿತವೇ. ಡಿಪ್ಲೊಮಾ, ಐಟಿಐ ಹುಡುಗರು ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿಸುವ ಯಂತ್ರ) ಕಲಿಯಬೇಕಾದರೆ ವಿಡಿಯೋ ನೋಡಿ ಪ್ರಯೋಜನ ಇಲ್ಲ, ಯಂತ್ರದ ಮುಂದೆ ನಿಲ್ಲಬೇಕು. ಹಾಸನದ ಜಿಟಿಟಿಸಿಗೆ (ಸರ್ಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರ) ಹೋಗಿ ಅಲ್ಪಾವಧಿ ಕೋರ್ಸ್ ಯಾವಾಗ ಇದೆ ಅಂತ ವಿಚಾರಿಸಿ. ರಾಜ್ಯ ಸರ್ಕಾರದ ಕೌಶಲ್ಯಕರ ಪೋರ್ಟಲ್‌ನಲ್ಲೂ ತರಬೇತಿಗೆ ಹೆಸರು ಬರೆಸಬಹುದು.

ಮನೆಯಲ್ಲಿ ಕೂತು ಓದಲು ಆಗದಿದ್ದರೆ ಜಿಲ್ಲಾ ಕೇಂದ್ರ ಗ್ರಂಥಾಲಯ ಇದೆ. ಅಲ್ಲಿ ಸುತ್ತ ಎಲ್ಲರೂ ಓದುತ್ತಿರುತ್ತಾರೆ, ಮೊಬೈಲ್ ತೆಗೆಯಲು ನಮಗೇ ನಾಚಿಕೆ ಆಗುತ್ತದೆ.

ಕಲಿತದ್ದನ್ನು ಊರಿನ ಲೆಕ್ಕದ ಮೇಲೆ ಹಾಕಿ

ಕೋರ್ಸ್ ಮುಗಿಸುವುದಕ್ಕಿಂತ ಇದು ಮುಖ್ಯ, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ. ಇಂಟರ್‌ವ್ಯೂನಲ್ಲಿ "ಎಕ್ಸೆಲ್ ಬರುತ್ತದಾ?" ಅಂದರೆ ಎಲ್ಲರೂ ಬರುತ್ತದೆ ಅನ್ನುತ್ತಾರೆ. "ಏನು ಮಾಡಿದ್ದೀರಿ?" ಅಂದ ಕೂಡಲೇ ಮುಕ್ಕಾಲು ಜನ ಸುಮ್ಮನಾಗುತ್ತಾರೆ. ಆ ಪ್ರಶ್ನೆಗೆ ಉತ್ತರ ನಮ್ಮ ಜಿಲ್ಲೆಯಲ್ಲೇ ಬೇಕಾದಷ್ಟಿದೆ.

ಸಕಲೇಶಪುರ ಕಡೆಯ ಬಿ.ಕಾಂ. ಹುಡುಗಿ ಅಂದುಕೊಳ್ಳಿ. ಅವಳ ಚಿಕ್ಕಪ್ಪ ಕಾಫಿ ತೋಟದಲ್ಲಿ ರೈಟರು. ಅವರ ಹತ್ತಿರ ಚೆಕ್‌ರೋಲ್ ಪುಸ್ತಕ ಇರುತ್ತದೆ: ಯಾವ ದಿನ ಯಾವ ಆಳು ಬಂದರು, ಕುಯ್ಲೋ ಕಳೆಯೋ ಮರಗಸಿಯೋ (ನೆರಳು ಮರದ ಕೊಂಬೆ ಕಡಿಯುವುದು), ಕುಯ್ಲಾದರೆ ಎಷ್ಟು ಕೆ.ಜಿ. ಹಣ್ಣು, ಮುಂಗಡ ಎಷ್ಟು ತೆಗೆದುಕೊಂಡಿದ್ದಾರೆ. ವಾರಕ್ಕೊಮ್ಮೆ ಬಟವಾಡೆ ಮಾಡುವ ಹಿಂದಿನ ರಾತ್ರಿ ಚಿಕ್ಕಪ್ಪ ಕ್ಯಾಲ್ಕುಲೇಟರ್ ಹಿಡಿದು ಕೂರುತ್ತಾರೆ. ಅವರನ್ನು ಕೇಳಿ, ಅವಳು ಒಂದು ತಿಂಗಳ ಪುಟಗಳನ್ನು ಎಕ್ಸೆಲ್‌ಗೆ ಹಾಕಲಿ.

ಹಾಕಲು ಹೊರಟ ಮೇಲೆಯೇ ನಿಜವಾದ ಕಲಿಕೆ ಶುರು. ಒಂದು ಕಡೆ "ಲಕ್ಷ್ಮಿ" ಅಂತ, ಇನ್ನೊಂದು ಕಡೆ "ಲಕ್ಷ್ಮಮ್ಮ" ಅಂತ ಬರೆದಿರುತ್ತದೆ. ಇಬ್ಬರೂ ಒಬ್ಬರೇ, ಆದರೆ ಹೆಸರುವಾರು ಮೊತ್ತ ತೆಗೆಯುವ ಪಿವಟ್ ಟೇಬಲ್ ಹಾಕಿದರೆ ಎರಡು ಸಾಲು ಬರುತ್ತದೆ, ಕೂಲಿ ಒಡೆದುಹೋಗುತ್ತದೆ. ಅದಕ್ಕೆ ಆಳುಗಳಿಗೆ ಒಂದೊಂದು ನಂಬರ್ ಕೊಟ್ಟು ಬೇರೆ ಶೀಟಿನಲ್ಲಿ ಹೆಸರು ಇಡಬೇಕು, ಇಲ್ಲಿ ನಂಬರ್ ಹಾಕಿದರೆ ವಿಲುಕಪ್ (VLOOKUP) ಸೂತ್ರ ಆ ಶೀಟಿನಿಂದ ಹೆಸರು ತರಬೇಕು. ತಾರೀಕನ್ನು ಚುಕ್ಕಿ ಇಟ್ಟು ಬರೆದರೆ ಎಕ್ಸೆಲ್ ಅದನ್ನು ತಾರೀಕು ಅಂತಲೇ ಒಪ್ಪದೆ ಹೋಗಬಹುದು, ವಾರದ ಮೊತ್ತ ತಪ್ಪುತ್ತದೆ. ಕೆಲಸದ ಹೆಸರನ್ನು ಪ್ರತಿ ಸಲ ಟೈಪ್ ಮಾಡುವ ಬದಲು ಪಟ್ಟಿಯಿಂದ ಆರಿಸುವ ಹಾಗೆ ಡೇಟಾ ವ್ಯಾಲಿಡೇಶನ್ ಹಾಕಬೇಕು. ಕೆ.ಜಿ. ಲೆಕ್ಕದ ಕುಯ್ಲಿಗೆ ಒಂದು ಸೂತ್ರ, ದಿನಗೂಲಿಗೆ ಇನ್ನೊಂದು, ಮುಂಗಡ ಕಳೆಯಲು ಸಮ್‌ಇಫ್ಸ್. ಇಷ್ಟು ಮಾಡಿದ ಮೇಲೆ ಆ ವಾರದ ಬಟವಾಡೆಯನ್ನು ಚಿಕ್ಕಪ್ಪನ ಕೈಬರಹದ ಲೆಕ್ಕದ ಜೊತೆ ತಾಳೆ ನೋಡಿ. ಎಲ್ಲೋ ಇಪ್ಪತ್ತು ರೂಪಾಯಿ ಹೆಚ್ಚುಕಡಿಮೆ ಬಂದೇ ಬರುತ್ತದೆ. ಅದು ಎಲ್ಲಿಂದ ಬಂತು ಅಂತ ಹುಡುಕಿ ಹಿಡಿಯುವುದೇ ಅಕೌಂಟ್ಸ್ ಕೆಲಸ, ಅಲ್ವಾ?

ಹೊರಗಿನವರಿಗೆ ತೋರಿಸುವಾಗ ಆಳುಗಳ ಹೆಸರು, ತೋಟದ ಹೆಸರು ಬದಲಿಸಿ. ಬೇರೆಯವರ ಲೆಕ್ಕ ಹಂಚುವುದು ಸರಿಯಲ್ಲ, ಆ ಎಚ್ಚರ ನಿಮಗಿದೆ ಅಂತ ಕಂಪನಿಯವರಿಗೂ ಗೊತ್ತಾಗಲಿ.

ಹೀಗೇ ಅರಸೀಕೆರೆಯವರಿಗೆ ಕೊಬ್ಬರಿ ವ್ಯಾಪಾರದ ಲೆಕ್ಕ, ಹಾಸನ ಸುತ್ತಮುತ್ತ ಆಲೂಗಡ್ಡೆ ಮಂಡಿ, ಚನ್ನರಾಯಪಟ್ಟಣದಲ್ಲಿ ಡೈರಿಗೆ ಹಾಲು ಹಾಕುವ ಪುಸ್ತಕ. ಇಂಜಿನಿಯರಿಂಗ್ ಆದವರು ಇದೇ ಲೆಕ್ಕಕ್ಕೆ ಡೇಟಾಬೇಸ್ ಮಾಡಿ, ಸಣ್ಣ ವೆಬ್ ಪುಟ ಬರೆದು ಗಿಟ್‌ಹಬ್‌ನಲ್ಲಿ ಹಾಕಬಹುದು. ಎಲ್ಲರೂ ಮಾಡುವ ಲೈಬ್ರರಿ ಮ್ಯಾನೇಜ್‌ಮೆಂಟ್ ಪ್ರಾಜೆಕ್ಟ್ ನೋಡಿ ನೋಡಿ ಇಂಟರ್‌ವ್ಯೂ ಮಾಡುವವರಿಗೂ ಬೇಜಾರಾಗಿದೆ.

ರೆಸ್ಯೂಮೆ

ಹೊಸಬರಿಗೆ ಒಂದು ಪುಟ ಸಾಕು. ಅಪ್ಪನ ಹೆಸರು, ಜಾತಿ, ಧರ್ಮ, ಮದುವೆ, ಹವ್ಯಾಸ, ಕೊನೆಯಲ್ಲಿ "ಮೇಲಿನದೆಲ್ಲ ಸತ್ಯ" ಅನ್ನುವ ಡಿಕ್ಲರೇಶನ್, ಎಲ್ಲ ತೆಗೆಯಿರಿ. ವಿಳಾಸಕ್ಕೆ ಹಾಸನ ಅಂದರೆ ಸಾಕು, ಮನೆ ನಂಬರ್ ಬೇಡ. ಪಕ್ಕದಲ್ಲೇ ಬೆಂಗಳೂರಿಗೆ ಬರಲು ತಯಾರಿದ್ದೇನೆ ಅಂತ ಬರೆಯಿರಿ, ಇಲ್ಲದಿದ್ದರೆ ದೂರದವರು ಅಂತ ಪಕ್ಕಕ್ಕೆ ಇಡುವ ಸಾಧ್ಯತೆ ಇದೆ. ಪಿಯುಸಿಯಲ್ಲಿ ತಮಾಷೆಗೆ ಮಾಡಿಕೊಂಡ ಇಮೇಲ್ ಐಡಿ ಬಿಟ್ಟು ನಿಮ್ಮ ಹೆಸರಿನದ್ದು ಹೊಸದು ಮಾಡಿ.

"ಎಂಎಸ್ ಆಫೀಸ್ ಚೆನ್ನಾಗಿ ಗೊತ್ತು" ಅನ್ನುವ ಸಾಲನ್ನು ಅಳಿಸಿ, ಅಲ್ಲಿ ಮಾಡಿದ್ದನ್ನು ಬರೆಯಿರಿ: ಕಾಫಿ ತೋಟದ ಒಂದು ತಿಂಗಳ ಕೂಲಿ ಲೆಕ್ಕ ಎಕ್ಸೆಲ್‌ಗೆ ತಂದೆ, ವಾರದ ಬಟವಾಡೆ ಶೀಟ್ ತಾನಾಗೇ ಬರುವ ಹಾಗೆ ಮಾಡಿದೆ, ಕೈಬರಹದ ಲೆಕ್ಕದ ಜೊತೆ ತಾಳೆ ನೋಡಿದೆ. ಇದನ್ನು ಸರಳ ಇಂಗ್ಲಿಷಿನಲ್ಲಿ ಎರಡು ಸಾಲು ಮಾಡಿ. ಬಣ್ಣದ ಪಟ್ಟಿ, ಎರಡು ಕಾಲಂ, ಸ್ಟಾರ್ ಗುರುತು ಇರುವ ಟೆಂಪ್ಲೇಟ್ ಬೇಡ, ದೊಡ್ಡ ಕಂಪನಿಗಳಲ್ಲಿ ರೆಸ್ಯೂಮೆಯನ್ನು ಮೊದಲು ಓದುವುದು ಸಾಫ್ಟ್‌ವೇರು, ಅದಕ್ಕೆ ಇಂಥವು ಸರಿಯಾಗಿ ಅರ್ಥ ಆಗುವುದಿಲ್ಲ. ಪಿಡಿಎಫ್ ಮಾಡಿ, ಫೈಲಿಗೆ ನಿಮ್ಮ ಹೆಸರು ಮತ್ತು ಕೆಲಸದ ಹೆಸರು ಇಡಿ.

ಮಧ್ಯೆ ಗ್ಯಾಪ್ ಇದ್ದರೆ ಮುಚ್ಚಿಡಬೇಡಿ. "ಮನೆಯಲ್ಲಿ ಕಾಯಿಲೆ ಇತ್ತು, ಆ ಹೊತ್ತಿನಲ್ಲಿ ಟ್ಯಾಲಿ ಕಲಿತೆ" ಅಂದರೆ ಮುಗಿಯಿತು. ಸುಳ್ಳು ಅನುಭವ ಪತ್ರ ಮಾಡಿಸಿಕೊಡುವವರ ಹತ್ತಿರ ಹೋಗಬೇಡಿ, ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್‌ನಲ್ಲಿ ಪಿಎಫ್ ದಾಖಲೆ ನೋಡಿದರೆ ಸಿಕ್ಕಿಬೀಳುತ್ತೀರಿ.

ಅರ್ಜಿ ಹಾಕುವುದು

ದಿನಕ್ಕೆ ಐವತ್ತು ಕಡೆ ಕ್ಲಿಕ್ ಮಾಡುವ ಬದಲು ನಾಲ್ಕೈದು ಕಡೆ ಓದಿ ಹಾಕಿ. ಜಾಹೀರಾತಿನಲ್ಲಿ ಇರುವ ಪದಗಳು, ನಿಮಗೆ ನಿಜವಾಗಿ ಬರುವುದಾದರೆ, ರೆಸ್ಯೂಮೆಯಲ್ಲೂ ಇರಲಿ. ನೌಕ್ರಿಯಲ್ಲಿ ಪ್ರೊಫೈಲನ್ನು ಆಗಾಗ ಸ್ವಲ್ಪ ತಿದ್ದುತ್ತಿರಿ, ಹೊಸದಾಗಿ ತಿದ್ದಿದ್ದು ಮೇಲೆ ಕಾಣುತ್ತದೆ. ಲಿಂಕ್ಡ್‌ಇನ್‌ನಲ್ಲಿ ನಿಮ್ಮ ಕಾಲೇಜಿನ ಹಳೆಯ ವಿದ್ಯಾರ್ಥಿಗಳನ್ನು ಹುಡುಕಿ. ಸಾಲಗಾಮೆ ರಸ್ತೆಯ ಮಲ್ನಾಡ್ ಇಂಜಿನಿಯರಿಂಗ್ ಕಾಲೇಜು 1960ರಿಂದ ಇದೆ, ಅಲ್ಲಿ ಓದಿದವರು ಇಲ್ಲದ ಕ್ಷೇತ್ರ ಇಲ್ಲ. "ಅಣ್ಣ, ನಾನೂ ಹಾಸನದವನೇ, ಈ ಜಾಬ್ ಐಡಿಗೆ ಅಪ್ಲೈ ಮಾಡಬೇಕು, ರೆಫರ್ ಮಾಡಲು ಆಗುತ್ತದಾ?" ಅಂತ ಜಾಬ್ ಐಡಿ, ರೆಸ್ಯೂಮೆ ಎರಡನ್ನೂ ಸೇರಿಸಿ ಕಳಿಸಿ. ಬರೀ "ಹಾಯ್ ಅಣ್ಣ" ಅಂತ ಕಳಿಸಿ ಕಾಯಬೇಡಿ.

ಯಾವ ಕಂಪನಿಗೆ, ಯಾವ ದಿನ, ಯಾವ ರೆಸ್ಯೂಮೆ ಕಳಿಸಿದಿರಿ ಅಂತ ಒಂದು ಶೀಟಿನಲ್ಲಿ ಬರೆದಿಡಿ. ಮೂರು ವಾರದ ನಂತರ ಫೋನ್ ಬಂದಾಗ "ಯಾವ ಕಂಪನಿ ಸರ್?" ಅಂತ ಕೇಳುವ ಹಾಗೆ ಆಗಬಾರದು. ಅದೇ ಶೀಟ್ ಇನ್ನೊಂದೂ ಹೇಳುತ್ತದೆ: ಎಷ್ಟೇ ಹಾಕಿದರೂ ಕರೆಯೇ ಬರುತ್ತಿಲ್ಲ ಅಂದರೆ ರೆಸ್ಯೂಮೆಯದ್ದು ತೊಂದರೆ, ಕರೆ ಬಂದು ಇಂಟರ್‌ವ್ಯೂನಲ್ಲಿ ಹೋಗುತ್ತಿದೆ ಅಂದರೆ ತಯಾರಿಯದ್ದು. ಎರಡಕ್ಕೂ ಮದ್ದು ಬೇರೆ ಬೇರೆ.

ಊರಿನ ಕೆಲಸವನ್ನೂ ನೋಡಿ

ಹಾಸನದ ಗ್ರೋತ್ ಸೆಂಟರ್ ಕೈಗಾರಿಕಾ ಪ್ರದೇಶ, ಜವಳಿ ಘಟಕಗಳು, ಹಾಲು ಒಕ್ಕೂಟ, ಆಸ್ಪತ್ರೆಗಳು, ಬಿ.ಎಂ. ರಸ್ತೆಯ ಶೋರೂಮುಗಳು, ಆಡಿಟರ್ ಆಫೀಸುಗಳು. ಇವರಲ್ಲಿ ಎಷ್ಟೋ ಜನ ನೌಕ್ರಿಯಲ್ಲಿ ಜಾಹೀರಾತು ಹಾಕುವುದೇ ಇಲ್ಲ. ರೆಸ್ಯೂಮೆ ಪ್ರಿಂಟ್ ಹಾಕಿಸಿಕೊಂಡು ನೇರ ಹೋಗಬೇಕು. ಬಿ.ಕಾಂ. ಆದವರಿಗೆ ನಾನು ಮೊದಲು ಹೇಳುವುದು ಆಡಿಟರ್ ಆಫೀಸ್. ಸಂಬಳ ಕಡಿಮೆ, ನಿಜ. ಆದರೆ ಒಂದು ವರ್ಷ ಜಿಎಸ್‌ಟಿ, ಇನ್‌ಕಂ ಟ್ಯಾಕ್ಸ್ ರಿಟರ್ನ್ ಮಾಡಿದವರನ್ನು ಬೆಂಗಳೂರಿನಲ್ಲಿ ಹೊಸಬರು ಅಂತ ಯಾರೂ ನೋಡುವುದಿಲ್ಲ.

ಅಪ್ರೆಂಟಿಸ್ ಕೂಡ ಒಳ್ಳೆಯ ದಾರಿ. ಡಿಗ್ರಿ, ಡಿಪ್ಲೊಮಾ ಆದವರು ಕೇಂದ್ರ ಸರ್ಕಾರದ ಅಪ್ರೆಂಟಿಸ್ ತರಬೇತಿ ಯೋಜನೆಯಾದ ಎನ್‌ಎಟಿಎಸ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. 2019ರ ನಿಯಮದ ಪ್ರಕಾರ ಸ್ಟೈಪೆಂಡ್ ಡಿಗ್ರಿಗೆ ಕನಿಷ್ಠ 9000, ಡಿಪ್ಲೊಮಾಗೆ 8000. ಅಪ್ರೆಂಟಿಸ್ ಸ್ಟೈಪೆಂಡ್ ಬರುವಾಗ ಯುವನಿಧಿ ಸಿಗುವುದಿಲ್ಲ, ಆದರೂ ಅಪ್ರೆಂಟಿಸ್ ಅನ್ನೇ ಆರಿಸಿ.

ದುಡ್ಡು ಕೇಳಿದರೆ ಅಲ್ಲಿಗೇ ನಿಲ್ಲಿಸಿ

ಕೆಲಸ ಕೊಡುವವರು ದುಡ್ಡು ಕೊಡುತ್ತಾರೆ, ತೆಗೆದುಕೊಳ್ಳುವುದಿಲ್ಲ. ರಿಜಿಸ್ಟ್ರೇಶನ್, ಲ್ಯಾಪ್‌ಟಾಪ್ ಡೆಪಾಸಿಟ್, ಟ್ರೈನಿಂಗ್ ಕಿಟ್ ಯಾವ ಹೆಸರಿನಲ್ಲಿ ಕೇಳಿದರೂ ಮೋಸವೇ. ಟೆಲಿಗ್ರಾಂನಲ್ಲಿ ರೇಟಿಂಗ್ ಕೊಡುವ ಕೆಲಸ ಅಂತ ಬರುತ್ತದೆ, ಮೊದಲು ನೂರಿನ್ನೂರು ಹಾಕಿ ನಂಬಿಸುತ್ತಾರೆ, ಆಮೇಲೆ ನೀವು ಸಾವಿರಗಟ್ಟಲೆ ಹಾಕಬೇಕಾಗುತ್ತದೆ, ಅದು ವಾಪಸ್ ಬರುವುದಿಲ್ಲ. ಮನೆಯಿಂದ ಡೇಟಾ ಎಂಟ್ರಿ ಅಂತ ಅಗ್ರಿಮೆಂಟಿಗೆ ಸಹಿ ಹಾಕಿಸಿಕೊಂಡು, ತಪ್ಪು ಜಾಸ್ತಿ ಆಯಿತು ಅಂತ ಲಾಯರ್ ನೋಟಿಸ್ ತೋರಿಸಿ ಹೆದರಿಸುವವರೂ ಇದ್ದಾರೆ. ಇನ್ನೊಂದು ನಮ್ಮೂರಿನದ್ದೇ: ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ ಹಾಸನದಲ್ಲಿ ಇದೆ, "ಅಲ್ಲಿ ನಮ್ಮವರಿದ್ದಾರೆ, ಒಳಗೆ ಹಾಕಿಸ್ತೀನಿ" ಅಂತ ಯಾರಾದರೂ ಬಂದರೆ ಕಾಫಿ ಕೊಟ್ಟು ಕಳಿಸಿ. ಅಲ್ಲಿನ ನೇಮಕಾತಿಗೆ ಇಸ್ರೋ ಅಧಿಸೂಚನೆ ಬರುತ್ತದೆ. ದುಡ್ಡು ಹೋಗೇಬಿಟ್ಟರೆ ಯೋಚನೆ ಮಾಡುತ್ತಾ ಕೂರದೆ ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಇಂಟರ್‌ವ್ಯೂ ದಿನ

ಈಗ ಮೊದಲ ಸುತ್ತು ಹೆಚ್ಚಾಗಿ ವಿಡಿಯೋದಲ್ಲೇ. ಆರಿದ್ರಾ, ಪುಷ್ಯ ಮಳೆ ಹಿಡಿದಾಗ ಸಕಲೇಶಪುರ, ಆಲೂರು ಕಡೆ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ. ಆ ದಿನ ಹಾಸನದಲ್ಲಿರುವ ಸ್ನೇಹಿತರ ಮನೆಗೆ ಬಂದುಬಿಡಿ. ಲ್ಯಾಪ್‌ಟಾಪ್ ಚಾರ್ಜ್ ಇರಲಿ, ಬೇರೆ ಕಂಪನಿಯ ಸಿಮ್ ಇರುವ ಇನ್ನೊಂದು ಫೋನ್ ಹಾಟ್‌ಸ್ಪಾಟಿಗೆ ಇರಲಿ. ಬೆಳಕು ಮುಖದ ಮೇಲೆ ಬೀಳುವ ಹಾಗೆ ಕಿಟಕಿಗೆ ಎದುರಾಗಿ ಕೂರಿ.

ಇಂಗ್ಲಿಷ್ ಭಯ ಇರುವವರು "ನಿಮ್ಮ ಬಗ್ಗೆ ಹೇಳಿ" ಅನ್ನುವ ಪ್ರಶ್ನೆಗೆ ಒಂದೂವರೆ ನಿಮಿಷದ ಉತ್ತರ ಬರೆದು, ಫೋನಿನಲ್ಲಿ ರೆಕಾರ್ಡ್ ಮಾಡಿ, ನೀವೇ ಕೇಳಿ. ಮೊದಲ ಸಲ ಕೇಳಿದಾಗ ಹಿಂಸೆ ಆಗುತ್ತದೆ, ಆಗಲಿ. ಸಂಜೆ ಮಹಾರಾಜ ಪಾರ್ಕಿನಲ್ಲಿ ಸ್ನೇಹಿತನ ಜೊತೆ ಸುತ್ತು ಹಾಕುತ್ತಾ ಒಬ್ಬರು ಕೇಳಿ, ಇನ್ನೊಬ್ಬರು ಉತ್ತರ ಕೊಡಿ. ವ್ಯಾಕರಣ ತಪ್ಪಿದರೂ ನಡೆಯುತ್ತದೆ, ಮಾಡಿದ ಕೆಲಸವನ್ನು ತಡವರಿಸದೆ ವಿವರಿಸಲು ಬಂದರೆ ಸಾಕು.

ಬೆಂಗಳೂರಿಗೇ ಕರೆದರೆ ನಾಲ್ಕು ಗಂಟೆ ದಾರಿ ಅಂತ ಲೆಕ್ಕ ಹಾಕಿ, ಜೊತೆಗೆ ಊರೊಳಗಿನ ಟ್ರಾಫಿಕ್. ನೆಲಮಂಗಲ ದಾಟಿದ ಮೇಲೆ ಬಸ್ಸಿನಲ್ಲೇ ಮೆಜೆಸ್ಟಿಕ್‌ವರೆಗೆ ಕೂರಬೇಡಿ. ಕಂಡಕ್ಟರ್‌ಗೆ ಮೊದಲೇ ಹೇಳಿ ತುಮಕೂರು ರಸ್ತೆಯಲ್ಲೇ ಇಳಿದು ಹಸಿರು ಮೆಟ್ರೋ ಹಿಡಿಯಿರಿ, 2024ರ ನವೆಂಬರಿನಿಂದ ಅದು ಮಾದಾವರದವರೆಗೂ ಬಂದಿದೆ. ವೈಟ್‌ಫೀಲ್ಡ್ ಕಡೆಗಾದರೆ ಮೆಜೆಸ್ಟಿಕ್‌ನಲ್ಲಿ ನೇರಳೆ ಮಾರ್ಗಕ್ಕೆ ಬದಲಿಸಿ. ಎಲೆಕ್ಟ್ರಾನಿಕ್ ಸಿಟಿಗಾದರೆ ಹಸಿರಿನಲ್ಲೇ ಆರ್.ವಿ. ರೋಡ್‌ವರೆಗೆ ಹೋಗಿ ಹಳದಿ ಮಾರ್ಗ ಹತ್ತಿ, ಅದು 2025ರ ಆಗಸ್ಟಿನಲ್ಲಿ ಶುರುವಾಗಿದೆ. ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆಯಲ್ಲಿ ಕೆಂಪು ಬಸ್ಸು ಉಚಿತ, ಆಧಾರ್ ಮರೆಯಬೇಡಿ, ರಾಜಹಂಸ, ಐರಾವತಕ್ಕೆ ಅದು ನಡೆಯುವುದಿಲ್ಲ. ಬೆಳಿಗ್ಗೆ ಹತ್ತಕ್ಕೆ ಇಂಟರ್‌ವ್ಯೂ ಇದ್ದರೆ ಹಿಂದಿನ ಸಂಜೆಯೇ ಹೋಗಿ ನೆಂಟರ ಮನೆಯಲ್ಲಿ ಮಲಗಿ.

ಆಫರ್ ಬಂದ ಮೇಲೆ

ಸಿಟಿಸಿ (ಕಂಪನಿ ನಿಮ್ಮ ಮೇಲೆ ಮಾಡುವ ಒಟ್ಟು ಖರ್ಚು) ಬೇರೆ, ಕೈಗೆ ಬರುವುದು ಬೇರೆ. ವರ್ಷಕ್ಕೆ 2,40,000 ಅಂದರೆ ತಿಂಗಳಿಗೆ 20,000 ಬ್ಯಾಂಕಿಗೆ ಬೀಳುತ್ತದೆ ಅಂದುಕೊಳ್ಳಬೇಡಿ. ಕಂಪನಿ ಕಟ್ಟುವ ಪಿಎಫ್, ಗ್ರಾಚ್ಯುಟಿ ಕೂಡ ಅದರೊಳಗೇ ಸೇರಿರುತ್ತದೆ. ನಿಮ್ಮ ಪಾಲಿನ ಪಿಎಫ್ ಮೂಲ ವೇತನದ 12 ಪರ್ಸೆಂಟ್ ಹೋಗುತ್ತದೆ, ಸಂಬಳ 21,000ದ ಒಳಗಿದ್ದರೆ ಇಎಸ್‌ಐಗೆ (ನೌಕರರ ಆರೋಗ್ಯ ವಿಮೆ) 0.75 ಪರ್ಸೆಂಟ್. "ಇನ್ ಹ್ಯಾಂಡ್ ಎಷ್ಟು ಬರುತ್ತದೆ ಮೇಡಂ?" ಅಂತ ಎಚ್‌ಆರ್‌ನ ಕೇಳಿ, ಕೇಳುವುದರಲ್ಲಿ ತಪ್ಪೇನಿಲ್ಲ. ಅದರಲ್ಲಿ ಪಿಜಿ, ಊಟ, ಓಡಾಟ ಕಳೆದು ನೋಡಿ. ಏನೂ ಉಳಿಯದಿದ್ದರೂ ಕಲಿಯುವುದು ಜಾಸ್ತಿ ಇದ್ದರೆ ಒಂದು ವರ್ಷಕ್ಕೆ ಒಪ್ಪಬಹುದು, ಕಲಿಯುವುದೂ ಇಲ್ಲ ಅಂದರೆ ಹಾಸನದ ಆಡಿಟರ್ ಆಫೀಸೇ ವಾಸಿ.

ಬಾಂಡ್ ಇದ್ದರೆ ಎಷ್ಟು ತಿಂಗಳು, ಬಿಟ್ಟರೆ ಎಷ್ಟು ಕಟ್ಟಬೇಕು ಅಂತ ಸಹಿಗೆ ಮುಂಚೆ ಓದಿ. ಒರಿಜಿನಲ್ ಮಾರ್ಕ್ಸ್ ಕಾರ್ಡ್ ತೋರಿಸಿ, ಜೆರಾಕ್ಸ್ ಕೊಡಿ, ಒರಿಜಿನಲ್ ಅವರ ಹತ್ತಿರ ಬಿಟ್ಟು ಬರಬೇಡಿ. ಪಿಜಿ ಅಡ್ವಾನ್ಸ್ ಈಗ ಕೊಡಿ, ಅದೂ ಆಫೀಸ್ ಎಲ್ಲಿ ಅಂತ ನೋಡಿಕೊಂಡು, ಮೆಟ್ರೋಗೆ ಹತ್ತಿರ ಇರುವ ಕಡೆ. ಯುವನಿಧಿ ಬರುತ್ತಿದ್ದರೆ ಕೆಲಸ ಸಿಕ್ಕಿದೆ ಅಂತ ಸೇವಾ ಸಿಂಧುವಿನಲ್ಲಿ ತಿಳಿಸಿ, ಸೇರಿದ ಮೇಲೂ ಸುಳ್ಳು ಘೋಷಣೆ ಕೊಟ್ಟು ದುಡ್ಡು ತೆಗೆದುಕೊಳ್ಳುತ್ತಾ ಹೋದರೆ ಮುಂದೆ ತೊಂದರೆ ನಿಮಗೇ.